ತೌಡಿಗೆ ಮಾರಿದ ಕೂಸು

ನಮ್ಮ ಮಗಳನ್ನು ಅವಳು ಹುಟ್ಟಿದ ದಿನವೇ ಒಂದು ಮೊರ ತೌಡಿಗೆ ಮಾರಿದೆವು. ತೌಡಲ್ಲ, ಜೋಳದ ನುಚ್ಚು ಎಂದು ನನ್ನ ತಾಯಿ ಕೊನೆಯವರೆಗೂ ಹೇಳುತ್ತಿದ್ದಳು. ಕೊಂಡವಳು ಮಾತ್ರ ತೌಡೇ ಎನ್ನುತ್ತಿದ್ದಳು. ನಾನು ಅಲ್ಲಿರಲಿಲ್ಲ, ಗಂಡಸರನ್ನು ಹೊರಗೆ ಕಳಿಸಿದ್ದರು. ಆದರೂ ಆ ಬೆಳಗು ನನಗೆ ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿದೆ. ಮಳೆ ಹೊಯ್ದು ನಿಂತ ತಿಪ್ಪೆಯಿಂದ ಹಬೆ ಏಳುತ್ತಿರುವುದೂ ಕಾಣುತ್ತದೆ. ಆದರೆ ಮಗಳು ಹುಟ್ಟಿದ್ದು ಕಡುಬೇಸಿಗೆಯಲ್ಲಿ. ಸಿರುಗುಪ್ಪದಲ್ಲಿ ಆಗ ಮಳೆ ಎಲ್ಲಿಂದ ಬರಬೇಕು? ಆದ್ದರಿಂದ ಮಳೆಯನ್ನು ತೆಗೆದುಹಾಕಿ ಓದಬೇಕು. ತಿಪ್ಪೆಯನ್ನು ಇಟ್ಟುಕೊಳ್ಳಬಹುದು. ತಿಪ್ಪೆ ನಿಜ.

ಅರವತ್ತರ ದಶಕದ ನಡುಭಾಗ ಅದು. ನಾನು ಸಿರುಗುಪ್ಪದಲ್ಲಿ ಕಾಲುವೆ ಕಚೇರಿಯ ಕೆಲಸದಲ್ಲಿದ್ದೆ. ಬಿಡುವಿನಲ್ಲಿ ಕಥೆ ಬರೆಯುತ್ತಿದ್ದೆ. ಹೆಂಡತಿ ಬಾದನಹಟ್ಟಿಯವಳು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆತನ. ಈ ಮಗಳಿಗಿಂತ ಮುಂಚೆ ನಮಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೊದಲನೆಯದನ್ನು ಅವಳು ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದಳಂತೆ, 'ನೋಡ್ರಿ, ನನ್ನ ಮಗ' ಎಂದು. ಎರಡನೆಯದನ್ನು ಓಣಿಗೆ ತೋರಿಸಲಿಲ್ಲ, ಆದರೆ ತೊಟ್ಟಿಲ ಮೇಲೆ ಬಾಗಿ ಅದೇ ಮಾತು ಹೇಳಿದಳು. ಎರಡೂ ಉಳಿಯಲಿಲ್ಲ. ವೈದ್ಯರು ಹೇಳಿದ ಕಾರಣಗಳು ಬೇರೆ. ಅವಳ ಲೆಕ್ಕದಲ್ಲಿ ಕಾರಣ ಒಂದೇ. ನಂದು ಎಂದದ್ದನ್ನು ಯಾರೋ ಕೇಳಿಸಿಕೊಂಡರು.

ಅದಕ್ಕೆ ನಮ್ಮ ಕಡೆ ಒಂದು ದಾರಿ ಇದೆ. ಕೂಸಿನ ಮೈ ತೊಳೆದು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಡಬೇಕು, ಬೇಡವಾದದ್ದನ್ನು ಎಸೆದ ಹಾಗೆ. ದಾರಿಯಲ್ಲಿ ಹೋಗುತ್ತಿದ್ದವಳಂತೆ ಒಬ್ಬಳು ಅಲ್ಲಿಗೆ ಬರಬೇಕು. ಹೆತ್ತದ್ದೆಲ್ಲ ಉಳಿದ ತಾಯಿಯಾಗಿರಬೇಕು ಅವಳು. ನಮ್ಮ ಹಿಂದಿನ ಓಣಿಯಲ್ಲಿ ಅಂಥವಳೊಬ್ಬಳಿದ್ದಳು. ಭತ್ತದ ಗದ್ದೆಗಳಲ್ಲಿ ನಾಟಿಯ ಕೂಲಿ; ಮನೆಯೊಳಗೆ ತೆಲುಗು, ಹೊರಗೆ ಕನ್ನಡ; ಮಕ್ಕಳೆಲ್ಲ ಕಲ್ಲುಗುಂಡಿನಂಥವರು. ಮಗಳು ಮುಂದೆ ಅವಳನ್ನು ಕೊಂಡವ್ವ ಎಂದು ಕರೆದಳು, ಕೊಂಡುಕೊಂಡ ಅವ್ವ. ನಮಗೂ ಅದೇ ರೂಢಿಯಾಯಿತು.

ಆ ಬೆಳಗಿನ ಮಾತುಗಳನ್ನು ನನಗೆ ಆಡಿ ತೋರಿಸಿದವಳು ಕೊಂಡವ್ವನೇ.

"ನಾ ಕೇಳ್ದೆ ಅಣ್ಣಾರ, 'ಯಾರದಿದು ಕೂಸು? ತಿಪ್ಪಿ ಮ್ಯಾಲೆ ಒಗದಾರಲ್ಲ!' ಅಂತ. ಸೂಲಗಿತ್ತಿ ಮುದುಕಿ, 'ಯಾರದೂ ಅಲ್ಲ, ಬೇಕಾದ್ರ ತಗೊಂಡು ಹೋಗು' ಅಂದ್ಲು. 'ಪುಗಸಟ್ಟೆ ಒಲ್ಲೆವ್ವಾ, ನಾಳಿ ಬಂದು ನಂದು ಅಂದೀರಿ. ತೌಡು ಕೊಟ್ಟು ಕೊಳ್ತೀನಿ' ಅಂದೆ. ನಿಮ್ಮವ್ವಾರು ಅಳಾಕ ಹತ್ತಿದ್ರು. ನನಗ ನಗಿ. ಸೆರಗು ಬಾಯಾಗ ತುರುಕ್ಕೊಂಡು ನಿಂತಿದ್ದೆ."

ಕೂಸನ್ನು ಅವಳು ತನ್ನ ಮನೆಗೆ ಒಯ್ದಳು. ಬಿಸಿಲು ಏರುವ ಹೊತ್ತಿಗೆ ಹಾಲಿಗೆ ಅಳುವ ಕೂಸನ್ನು ತಂದು ನನ್ನ ಹೆಂಡತಿಯ ಮಡಿಲಿಗೆ ಹಾಕಿ, "ಸಾಕಾಕ ಕೊಡ್ತೀನಿ. ಕೂಸು ಮಾತ್ರ ನಂದು, ನೆಪ್ಪಿರ್ಲಿ" ಎಂದಳು. ತೌಡನ್ನು ನಮ್ಮ ಎಮ್ಮೆ ತಿಂದಿತು.

ಇದಕ್ಕೆ ಒಂದು ಕೊನೆಯೂ ಇದೆ. ಹಾಲುಹಲ್ಲು ಬಿದ್ದು, ಹೊಸ ಹಲ್ಲು ಬಂದು ಗಟ್ಟಿಯಾದ ಮೇಲೆ ಕೊಂಡವಳು ಹೆತ್ತವಳ ಹೊಸ್ತಿಲಿಗೆ ಬಂದು 'ಈ ಕೂಸು ಯಾರದು?' ಎಂದು ಕೇಳಬೇಕು. ಹೆತ್ತವಳು 'ನಂದು' ಎನ್ನಬೇಕು. ಒಂದು ಮೊರ ಜೋಳ, ಒಂದು ಸೀರೆ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಮಾತು ಹೆತ್ತವಳ ಬಾಯಿಂದ ಬರಕೂಡದು.

ಹೆಚ್ಚಿನ ಮನೆಗಳಲ್ಲಿ ಇದು ನಾಲ್ಕು ದಿನದ ಆಟ. ಕೂಸು ತೆವಳುವ ಹೊತ್ತಿಗೆ ಮರೆತಿರುತ್ತಾರೆ. ನನ್ನ ಹೆಂಡತಿ ಮರೆಯಲಿಲ್ಲ. ನನಗೆ ಇಂಥದರಲ್ಲಿ ನಂಬಿಕೆ ಇರಲಿಲ್ಲ, ಹಾಗೆಂದು ತಡೆಯಲೂ ಇಲ್ಲ. ಎರಡು ಸಲ ಮಣ್ಣು ಹಾಕಿ ಬಂದವನಿಗೆ ಮೂರನೆಯ ಸಲ ವಾದ ಮಾಡುವ ಧೈರ್ಯ ಇರುವುದಿಲ್ಲ.

ಮನೆಗೆ ಬಂದವರು, "ಮಗಳು ಮುದ್ದಾಗಿ ಅದಾಳಲ್ಲ!" ಎಂದರೆ ಅವಳು ಕೈಯಲ್ಲಿದ್ದ ಕೆಲಸ ಬಿಡದೆ, "ನಮ್ಮದಲ್ರಿ. ಹಿಂದಿನ ಓಣ್ಯಾಗಿನಾಕಿದು. ಇಲ್ಲಿ ಬಿದ್ದಿರತೈತಿ" ಎನ್ನುತ್ತಿದ್ದಳು. ಬಂದವರಲ್ಲಿ ತಿಳಿದವರು ತಲೆಯಾಡಿಸುತ್ತಿದ್ದರು, ತಿಳಿಯದವರು ನನ್ನ ಮುಖ ನೋಡುತ್ತಿದ್ದರು. ಬಾಗಿಲ ಸಂದಿಯಲ್ಲಿ ನಿಂತ ಮಗಳು ಅದನ್ನೆಲ್ಲ ಕೇಳುತ್ತಿದ್ದಳು. ಅವಳು ತಾಯಿಯ ಮುಖ ನೋಡುತ್ತಿದ್ದಳೋ ಬಂದವರ ಮುಖವನ್ನೋ, ನನಗೆ ನೆನಪಿಲ್ಲ. ಬಾಗಿಲ ಸಂದಿ ಮಾತ್ರ ನೆನಪಿದೆ.

ಕೊಂಡವ್ವನ ಮನೆಯಲ್ಲಿ ನಮ್ಮವರು ನೀರು ಕುಡಿಯುವ ಕಾಲವಾಗಿರಲಿಲ್ಲ ಅದು. ಮಗಳು ಮಾತ್ರ ಅಲ್ಲಿ ಉಂಡು ಬರುತ್ತಿದ್ದಳು. ಸಂಕಟಿ ಮುದ್ದೆ, ಹುಣಸೆಕಾಯಿ ತೊಕ್ಕು, ಒಮ್ಮೊಮ್ಮೆ ಒಣಮೀನಿನ ವಾಸನೆ ಕೈಯಲ್ಲಿ. ನನ್ನ ತಾಯಿ ಕುದಿದು ಹೋಗುತ್ತಿದ್ದಳು.

"ಲಿಂಗ ಕಟ್ಟಿದ ಕೂಸು ಅದು. ಯಾರ್ ಮನ್ಯಾಗ ಏನ್ ತಿಂದು ಬರ್ತೈತಿ, ನಿನಗೇನಾರ ಐತೇನು?"

"ಆಕಿ ಕೂಸು ಆಕಿ ಮನ್ಯಾಗ ಉಣ್ಣಾಕ ನಾವ್ಯಾರ್ರಿ ಅತ್ತಿ ಬ್ಯಾಡ ಅನ್ನಾಕ?" ಎಂದಳು ನನ್ನ ಹೆಂಡತಿ.

ಅತ್ತೆಗೆ ಎದುರು ಮಾತಾಡದವಳು ಆಡಿದ ಒಂದೇ ಮಾತು ಅದು. ನಾನು ಆಗ ಒಳಗೊಳಗೇ ಖುಷಿಪಟ್ಟೆ, ಜಾತಿಯ ಗೋಡೆಯಲ್ಲಿ ಒಂದು ಕಿಂಡಿ ಬಿತ್ತೆಂದು. ಗೆಳೆಯರ ಮುಂದೆ ಹೇಳಿಕೊಂಡೂ ಇದ್ದೆ. ಅದೇ ಮಾತನ್ನು ಮಗಳ ಕಿವಿಯಿಂದ ಕೇಳಲು ನನಗೆ ಹೊಳೆಯಲಿಲ್ಲ.

ಸಾಲೆಗೆ ಸೇರಿಸುವ ದಿನ ಹೆಡ್ಮಾಸ್ತರರು ಕನ್ನಡಕ ಮೇಲೆತ್ತಿ ಕೇಳಿದರು: "ಯಾರ ಮಗಳವ್ವಾ ನೀನು?"

"ಕೊಂಡವ್ವನ ಮಗಳು."

"ಇವ್ರು?" ನನ್ನತ್ತ ಬೆರಳು ಮಾಡಿದರು.

"ಅಪ್ಪ."

"ಮನ್ಯಾಗ ಅವ್ವ ಇಲ್ಲ?"

"ಅದಾಳ್ರಿ. ಆಕಿ ನನ್ನ ಸಾಕ್ತಾಳ."

ಮಾಸ್ತರರು ಬಹಳ ಹೊತ್ತು ನನ್ನನ್ನು ನೋಡಿದರು. "ಇರ್ಲಿ ಬಿಡ್ರಿ, ಸಂಸಾರ ಅಂದ್ರ ಇರ್ತಾವು" ಎಂದು ಸಮಾಧಾನ ಹೇಳಿದರು. ನಾನು ದಾರಿಯುದ್ದಕ್ಕೂ ನಗುತ್ತ ಬಂದೆ. ಮನೆಯಲ್ಲಿ ಹೇಳಿದಾಗ ಹೆಂಡತಿ ನಗಲಿಲ್ಲ. "ಚಲೋ ಹೇಳೈತಿ" ಎಂದಷ್ಟೇ ಅಂದಳು, ಪಾಠ ಒಪ್ಪಿಸಿದ ಮಕ್ಕಳನ್ನು ಮೆಚ್ಚುವ ಹಾಗೆ.

ಇದು ಆಟವೆಂದು ಮಗಳಿಗೆ ಹೇಳಿಬಿಡೋಣ ಎಂದು ನಾನು ಒಂದೆರಡು ಸಲ ಎತ್ತಿದ್ದುಂಟು. ಹೆಂಡತಿಯ ಉತ್ತರ ಸಿದ್ಧವಾಗಿತ್ತು. "ಆಟ ಅಂತ ಕೂಸಿಗೆ ಗೊತ್ತಾದ್ರ ಅವ್ರಿಗೂ ಗೊತ್ತಾಗತೈತಿ." ಯಾರಿಗೆ ಎಂದು ನಾನು ಕೇಳಲಿಲ್ಲ. ಎರಡು ಕೂಸುಗಳನ್ನು ಒಯ್ದವರು ಯಾರೆಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಹೆಚ್ಚು ತಿಳಿದವಳು ಅವಳೇ ಆಗಿದ್ದಳು.

ನಾನು 'ನನ್ನ ಮಗಳು' ಎಂದರೆ ಅಡ್ಡಿಯಿರಲಿಲ್ಲ. ಅಪ್ಪನ ಮಾತನ್ನು ಅವರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಮಗಳೂ ಹಿಡಿಯಲಿಲ್ಲ. ಒಂದು ಸಂಜೆ ತೊಡೆಯ ಮೇಲೆ ಕೂರಿಸಿಕೊಂಡು, "ನೀ ನನ್ನ ಮಗಳಲ್ಲೇನು?" ಎಂದೆ.

"ನೀ ಅಂತೀ ಅಪ್ಪಾ," ಎಂದಳು. "ಅವ್ವ ಅನ್ಲಿ."

*

ಈಗ ಜ್ವರದ ಸಂಗತಿ. ಇದನ್ನು ನಾನು ಎಷ್ಟೋ ರೀತಿ ಬರೆದು ಹರಿದಿದ್ದೇನೆ. ಗೊತ್ತಿರುವಷ್ಟನ್ನು ಮೊದಲು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಆಮೇಲೆ.

ಸಾಲೆಗೆ ಸೇರಿದ ವರ್ಷವೇ ಮಗಳು ಜ್ವರ ಬಂದು ಮಲಗಿದಳು. ಮಧ್ಯಾಹ್ನ ಊಟಕ್ಕೆಂದು ಬಂದವನು ಪಡಸಾಲೆಯ ಬಾಗಿಲಲ್ಲಿ ನಿಂತೆ. ಕೂಸು ಚಾಪೆಯ ಮೇಲೆ ಮಲಗಿತ್ತು. ಹೆಂಡತಿ ಪಕ್ಕದಲ್ಲೇ, ಕೂಸಿಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಹಾಗೆ ಕೂರುವುದೂ ಅವಳ ಕಟ್ಟಳೆಯೇ. ಕೂಸಿಗೆ ಬೇನೆ ಬಂದಾಗ ಅದರ ಮುಖ ನೋಡಿ ಕಣ್ಣೀರು ಹಾಕಿದರೆ ಇದು ಯಾರ ಕೂಸೆಂದು ನೋಡುವವರಿಗೆ ತಿಳಿದುಹೋಗುತ್ತದೆ.

"ಅವ್ವಾ, ಈ ಕಡಿ ತಿರುಗು" ಎಂದಳು ಮಗಳು.

ತಿರುಗಲಿಲ್ಲ.

"ಅವ್ವಾ."

"ಮಕ್ಕೊ. ಕೊಂಡವ್ವ ಬರ್ತಾಳ."

ಇಷ್ಟು ಗೊತ್ತು. ಇದಕ್ಕೆ ನಾನು ಪ್ರಮಾಣ ಮಾಡಬಲ್ಲೆ. ಇನ್ನೊಂದಿದೆ. ಗೋಡೆಗೆ ಮುಖ ಮಾಡಿ ಕುಳಿತವಳ ಬಲಗೈ ಬೆನ್ನ ಹಿಂದೆ ಬಂದಿತ್ತು. ಆ ಕೈಯಲ್ಲಿ ಈಚಲ ಬೀಸಣಿಗೆಯಿತ್ತು. ನೋಡದೆಯೇ, ಕೂಸಿನ ಮುಖದ ನೇರಕ್ಕೆ, ಅದು ಬೀಸುತ್ತಲೇ ಇತ್ತು.

ಈ ಕೈ ನನ್ನ ನೆನಪಿನಲ್ಲಿದೆ. ಆದರೆ ಮಳೆಯೂ ಇದೆಯಲ್ಲ, ಬೇಸಿಗೆಯ ತಿಪ್ಪೆಯ ಮೇಲೆ? ಹೆಂಡತಿಯನ್ನು ಕೇಳಿದರೆ, "ಯಾವ ಬೀಸಣಿಕಿ? ನನಗೇನ್ ನೆಪ್ಪೈತಿ" ಎಂದು ಎದ್ದು ಹೋದಳು. ಮಗಳಿಗೆ ಬೆನ್ನು ಮಾತ್ರ ನೆನಪಿದೆ. ಕೆಳಗೆ ಮಲಗಿ ಜ್ವರದಲ್ಲಿ ಕಣ್ಣು ಮುಚ್ಚಿ ತೆರೆಯುತ್ತಿದ್ದ ಕೂಸಿಗೆ ಬೀಸಣಿಗೆ ಕಾಣದೆ ಗಾಳಿ ಮಾತ್ರ ತಾಗಿರಬಹುದು. ಗಾಳಿ ಯಾರದೆಂದು ಗುರುತು ಹಿಡಿಯುವುದು ಹೇಗೆ?

ಜ್ವರ ಇಳಿಯಿತು. ನನ್ನ ಹೆಂಡತಿಯ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮಗಳದೂ ಗಟ್ಟಿಯಾಯಿತು, ಆದರೆ ಬೇರೆ ದಿಕ್ಕಿನಲ್ಲಿ. ಮಕ್ಕಳು ಆಡಿದ ಮಾತನ್ನು ನಂಬುತ್ತವೆ. ಮಾತಿನ ಹಿಂದೆ ಇನ್ನೊಂದಿದೆ ಎಂದು ನಂಬುವುದು ದೊಡ್ಡವರಾದ ಮೇಲೆ ಅಂಟಿಕೊಳ್ಳುವ ಚಟ.

*

ನನಗೆ ಕುರುಗೋಡಿಗೆ ವರ್ಗವಾಯಿತು. ಸಾಮಾನು ಲಾರಿಯಲ್ಲಿ ಹೋಗಿತ್ತು. ನಾವು ಬಸ್ಸಿಗೆ ನಿಂತಿದ್ದೆವು. ಕೊಂಡವ್ವ ಕೂಲಿ ಬಿಟ್ಟು ಕಳಿಸಲು ಬಂದಿದ್ದಳು. ಬಸ್ಸು ಬಂತು, ನನ್ನ ತಾಯಿ ಹತ್ತಿದಳು, ಹೆಂಡತಿ ಹತ್ತಿದಳು. ಮಗಳು ಕೊಂಡವ್ವನ ಪಕ್ಕಕ್ಕೆ ಹೋಗಿ ನಿಂತು, ಬಂದ ನೆಂಟರನ್ನು ಬೀಳ್ಕೊಡುವಂತೆ ನನಗೆ ಕೈ ಮುಗಿದಳು.

"ಹೋಗಿ ಬರ್ರಿ."

"ಏ ಹುಚ್ಚಿ, ಹತ್ತು. ಬಸ್ ಹೊಂಟತಿ" ಎಂದೆ.

"ನಾನ್ಯಾಕ ಬರ್ಲಿ ಅಪ್ಪಾ? ನಾನು ಕೊಂಡವ್ವನ ಕೂಸಲ್ಲ?"

ಕಂಡಕ್ಟರು ಸೀಟಿ ಊದುತ್ತಿದ್ದ. ಜನ ನಕ್ಕರು. ಕಿಟಕಿಯಿಂದ ಹೆಂಡತಿ ನೋಡುತ್ತಿದ್ದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡುವ ಹಾಗಿರಲಿಲ್ಲ, ಮುಂದಿನ ಹಲ್ಲು ಆಗಷ್ಟೇ ಬಿದ್ದಿದ್ದವು. ಕೊಂಡವ್ವನೇ ಕೂಸಿನ ಗಲ್ಲ ಹಿಡಿದು, "ನಿನ್ನ ಸಾಕಾಕ ಕೊಟ್ಟೀನಿ ಇವ್ರಿಗೆ. ನಾಟಿ ಮುಗೀಲಿ, ಬಂದು ಕರ್ಕೊಂಡು ಬರ್ತೀನಿ. ಹೋಗು ನನ್ನ ಬಂಗಾರ" ಎಂದಳು. ಮಗಳು ಹತ್ತಿದಳು. ಸಿರಿಗೇರಿಯ ಹತ್ತಿರ ಬಸ್ಸು ಕೆಟ್ಟು ನಿಂತಾಗ, "ನಾಟಿ ಯಾವಾಗ ಮುಗೀತೈತಿ?" ಎಂದು ಕೇಳಿದಳು.

ಕುರುಗೋಡಿನಲ್ಲಿ ಮನೆಯ ಮುಂದೆ ಒಂದು ಬಂಡೆ ಇತ್ತು. ಸಂಜೆ ಸಿರುಗುಪ್ಪದ ಬಸ್ಸು ಬರುವ ಹೊತ್ತಿಗೆ ಮಗಳು ಅದರ ಮೇಲಿರುತ್ತಿದ್ದಳು. ಮಂಚದ ಕೆಳಗೆ ಅವಳದೊಂದು ಕೈಚೀಲ. ಅದರಲ್ಲಿ ಎರಡು ಫ್ರಾಕು, ಒಂದು ಹಣಿಗೆ. ಕೊಂಡವ್ವ ಬಂದಾಗ ತಡವಾಗಬಾರದೆಂದು ತಾನೇ ಕಟ್ಟಿಟ್ಟುಕೊಂಡಿದ್ದಳು. ನನ್ನ ಹೆಂಡತಿಗೆ ಅದು ಗೊತ್ತಿತ್ತು. ಆಗಾಗ ಆ ಫ್ರಾಕುಗಳನ್ನು ತೆಗೆದು ಒಗೆದು, ಮಡಿಸಿ, ಮತ್ತೆ ಅದರೊಳಗೇ ಇಡುತ್ತಿದ್ದಳು. ಮಗಳು ಬೆಳೆದ ಹಾಗೆ ಗಿಡ್ಡಾದವನ್ನು ತೆಗೆದು ಹೊಸದಾಗಿ ಹೊಲಿಸಿದ ದೊಡ್ಡವನ್ನು ಇಟ್ಟಳು. ನಾನು ಅದನ್ನು ನೋಡಿ ಮನಸ್ಸು ತುಂಬಿ ಬಂದು ಪೇಟೆಗೆ ಹೋಗಿಬಿಟ್ಟೆ. ದೊಡ್ಡವಳಾದ ಮೇಲೆ ಮಗಳು ಅದನ್ನೇ ಇನ್ನೊಂದು ಥರ ಹೇಳಿದಳು: "ನಾ ಹೋಗಾಕ ಆಕಿ ಎಷ್ಟು ತಯಾರಿ ಮಾಡಿದ್ಲು ನೋಡಪ್ಪಾ."

ಎರಡರಲ್ಲಿ ಯಾವುದು ನಿಜ? ಚೀಲ ನಿಜ. ಫ್ರಾಕು ನಿಜ.

*

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾವು ಬಳ್ಳಾರಿಗೆ ಬಂದೆವು. ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆಯೊಂದರ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಎತ್ತರದ ಕಿಟಕಿಗಳು, ಅಂಗಳದಲ್ಲಿ ಬೇವು. ನನ್ನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಒಂದು ದಿನ ಹೆಂಡತಿ ಮಗಳ ಬಾಯಿ ತೆರೆಸಿ ಬೆರಳಿಂದ ಹಲ್ಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಳು. ಎಲ್ಲ ಗಟ್ಟಿ. "ಸಿರುಗುಪ್ಪಕ್ಕ ಹೇಳಿಕಳಿಸ್ರಿ" ಎಂದಳು. ಅವಳ ದನಿಯಲ್ಲಿ ಅಂಥ ಆತುರವನ್ನು ನಾನು ಕೇಳಿರಲಿಲ್ಲ. ಇಳಕಲ್ಲಿನ ಸೀರೆ ತರಿಸಿದಳು. ಜೋಳವನ್ನು ತಾನೇ ಆರಿಸಿದಳು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಅವಳ ತುಟಿ ಆಡುತ್ತಿದ್ದವು. ಸದ್ದಿಲ್ಲದೆ ಏನೋ ರೂಢಿ ಮಾಡುತ್ತಿದ್ದಳು. ಬಹುಶಃ ಆ ಒಂದೇ ಮಾತು.

ಕೊಂಡವ್ವ ಬಂದಳು. ಹೆಗಲ ಮೇಲೆ ಹೊಸ ಭತ್ತದ ಅವಲಕ್ಕಿಯ ಗಂಟು. ಗೇಟಿನಲ್ಲಿ ಅವಳನ್ನು ಕಂಡ ಮಗಳು ಕೂಗಲಿಲ್ಲ, ಓಡಿ ಹೋಗಿ ತಬ್ಬಿಕೊಳ್ಳಲೂ ಇಲ್ಲ. ಒಳಗೆ ಹೋಗಿ ಕೈಚೀಲ ತೆಗೆದುಕೊಂಡು ಬಂದು, ಚಪ್ಪಲಿ ಮೆಟ್ಟಿ, ಮೆಟ್ಟಿಲ ಮೇಲೆ ನಿಂತಳು.

ಹೆಂಡತಿ ಮೊರದ ತುಂಬ ಜೋಳ, ಅದರ ಮೇಲೆ ಸೀರೆ ಇಟ್ಟುಕೊಂಡು ಹೊಸ್ತಿಲ ಒಳಗೆ ನಿಂತಿದ್ದಳು. ಕೊಂಡವ್ವ ಹೊರಗೆ, ಸೊಂಟದ ಮೇಲೆ ಕೈ ಇಟ್ಟು, ಸಂತೆಯಲ್ಲಿ ಚೌಕಾಸಿಗೆ ನಿಂತವಳಂತೆ ಶುರು ಮಾಡಿದಳು.

"ಏನ್ ಕೊಡ್ತೀರಿ ಅಕ್ಕಾರ? ತೌಡಿಗೆ ಕೊಡಾಕ ಇದು ತೌಡು ತಿಂದು ಬೆಳದ ಕೂಸಲ್ಲ. ಜೋಳ ಜೊಳ್ಳಿದ್ರ ನಾ ಒಲ್ಲೆ ನೋಡ್ರಿ!"

ಹೆಂಡತಿ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಬಾಯಿ ತುಂಬ ನಕ್ಕಳು.

ಮಗಳು ಅವರಿಬ್ಬರನ್ನೂ ನೋಡಿದಳು. "ಕೊಂಡವ್ವಾ, ನನ್ನ ಕರ್ಕೊಂಡು ಹೋಗಾಕ ಬಂದಿಲ್ಲೇನು? ಮಾರಾಕ ಬಂದೀಯಾ?"

ಕೊಂಡವ್ವನಿಗೆ ಅದು ತಮಾಷೆಯಾಗಿ ಕೇಳಿಸಿತು. "ಮತ್ತ? ಚಲೋ ರೇಟ್ ಬಂದತಿ!" ಎಂದು ನಕ್ಕು, ಮಗಳ ತಲೆಯ ಮೇಲೆ ಕೈ ಇಟ್ಟು, ದನಿ ಏರಿಸಿ ಕೇಳಬೇಕಾದ್ದನ್ನು ಕೇಳಿದಳು.

"ಈ ಕೂಸು ಯಾರದು?"

ಹೆಂಡತಿಯ ತುಟಿ ತೆರೆದಿತ್ತು.

"ನಿಂದು" ಎಂದಳು ಮಗಳು.

ಗಟ್ಟಿಯಾಗಿಯೇನೂ ಅಲ್ಲ. ಕೊಂಡವ್ವನ ಸೆರಗು ಹಿಡಿದು, ನೆನಪು ಮಾಡಿಕೊಡುವಂತೆ ಹೇಳಿದಳು.

ಕೊಂಡವ್ವನ ನಗು ನಿಂತಿತು. "ಹುಡುಗಿ ಮಾತು ಹಿಡೀಬ್ಯಾಡ್ರಿ ಅಕ್ಕಾರ. ಇನ್ನೊಮ್ಮಿ ಕೇಳ್ತೀನಿ. ಈ ಕೂಸು..."

"ಬ್ಯಾಡ!" ಹೆಂಡತಿ ಮೊರವನ್ನು ಕೆಳಗಿಟ್ಟಳು. "ಕೇಳಬ್ಯಾಡ. ಕೂಸಿನ ಬಾಯಾಗ ಬಂದುಬಿಡ್ತು. ಅದರ ಮ್ಯಾಲೆ ನಾ ಏನರ ಅಂದು, ನಾಳಿ ಏನರ ಆದ್ರ? ನಿಂದ ಇರ್ಲಿ. ನಿಂದ ಇರ್ಲಿ ಬಿಡು. ಇದ್ರ ಸಾಕು."

'ಇದ್ರ ಸಾಕು' ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಂಡಳು. ಮಗಳಿಗೆ ಕೇಳಿಸಿದ್ದು ಅದಕ್ಕೆ ಮೊದಲಿನದು.

"ನಡಿ ಹಂಗಾರ" ಎಂದಳು ಮಗಳು, ಕೊಂಡವ್ವನಿಗೆ. ಚೀಲ ಎತ್ತಿಕೊಂಡಳು.

"ನಾ ನಿನ್ನ ಎಲ್ಲಿ ಕರ್ಕೊಂಡು ಹೋಗ್ಲೆವ್ವಾ? ನೀ ಇಲ್ಲೆ ಇರು, ಸಾಲಿ ಕಲಿ."

"ಬಸ್ ಸ್ಟ್ಯಾಂಡಿನಾಗ ಅಂದಿದ್ದೆಲ್ಲ?"

"ಅದು ನಿನ್ನ ಬಸ್ ಹತ್ತಿಸಾಕ ಅಂದಿದ್ದು, ನನ್ನವ್ವಾ."

ಆಮೇಲೆ ಮಗಳು, "ಹಂಗಾರ ನಾ ಯಾರಾಕಿ?" ಎಂದು ಕೇಳಿದಳು. ಕೇಳಿದಳೆಂದು ಒಂದು ಕರಡಿನಲ್ಲಿ ಬರೆದಿದ್ದೆ. ಈಗ ಅನುಮಾನ. ಇಷ್ಟು ಸರಿಯಾದ ಜಾಗದಲ್ಲಿ ಬಂದು ಕೂರುವ ಮಾತನ್ನು ನಾನು ನಂಬುವುದಿಲ್ಲ. ಅವಳು ಏನೂ ಹೇಳದೆ ಚಪ್ಪಲಿ ಬಿಚ್ಚಿ ಒಳಗೆ ಹೋದಳು ಎಂದು ಇಟ್ಟುಕೊಳ್ಳುವುದೇ ವಾಸಿ. ಕೊಂಡವ್ವ ಸೀರೆ ಮುಟ್ಟಲಿಲ್ಲ. ಅವಲಕ್ಕಿ ಗಂಟು ಇಟ್ಟು, ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು. ಮೊರದ ಜೋಳಕ್ಕೆ ಬೇವಿನ ಮರದಿಂದ ಗುಬ್ಬಿಗಳು ಇಳಿದವು. ಓಡಿಸಲು ಯಾರೂ ಏಳಲಿಲ್ಲ.

ಅಂದಿನಿಂದ ಮಗಳು ಹಟ ಮಾಡಲಿಲ್ಲ. ಉಂಡ ತಾಟು ತಾನೇ ತೊಳೆದಿಡುತ್ತಿದ್ದಳು. ತಾಯಿಗೆ 'ಬಾ, ಕೊಡು' ಎನ್ನುತ್ತಿದ್ದವಳು 'ಬರ್ರಿ, ಕೊಡ್ರಿ' ಎನ್ನತೊಡಗಿದಳು. ನನಗೆ ಮಾತ್ರ ಹಳೆಯ ಏಕವಚನವೇ ಉಳಿಯಿತು. ಹಬ್ಬಕ್ಕೆ ಏನು ಬೇಕೆಂದರೆ, "ಏನೂ ಬ್ಯಾಡ್ರಿ, ಐತಲ್ಲ" ಎನ್ನುವಳು. ಎಂಥ ತಿಳಿವಳಿಕೆಯ ಹುಡುಗಿ ಎಂದು ಕಂಟೋನ್ಮೆಂಟಿನ ಹೆಂಗಸರು ಹೊಗಳಿದರು. ಹೆಂಡತಿ ಅವರಿಗೂ, "ನಮ್ಮದಲ್ರಿ" ಎಂದಳು. ಇಲ್ಲಿ ಆ ಮಾತಿನ ಹಿನ್ನೆಲೆ ತಿಳಿದವರು ಯಾರೂ ಇರಲಿಲ್ಲ.

ಅವಳು ಕಾಲೇಜಿಗೆ ಹೋಗುವಾಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ತಿಪ್ಪೆ, ತೌಡು, ಸತ್ತ ಕೂಸುಗಳು, ತಾಯಿಯ ಭಯ. ಅವಳು ಕೊನೆಯವರೆಗೂ ಕೇಳಿದಳು. "ಚಂದ ಐತಪ್ಪಾ" ಎಂದಳು, ನನ್ನ ಕಥೆಗಳನ್ನು ಓದಿ ಹೇಳುತ್ತಿದ್ದ ಅದೇ ದನಿಯಲ್ಲಿ.

*

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಳ್ಳಾರಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಬಾಗಿಲಲ್ಲಿ ನಿಂತು, "ಈಕಿ ತಾಯಿ ಯಾರ್ರಿ? ನಿಮ್ಮ ಮಗಳೇನ್ರಿ?" ಎಂದು ಹೆಂಡತಿಯನ್ನು ಕೇಳಿದರು. ಅವಳು ನನ್ನತ್ತ ಕೈ ತೋರಿಸಿ, "ಅವರ್ನ ಕೇಳ್ರಿ" ಎಂದಳು. ಮಂಚದ ಮೇಲಿದ್ದ ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಗಂಡು ಹುಟ್ಟಿತು. ಕೂಸನ್ನು ಕೈಗೆ ಕೊಟ್ಟ ಕೂಡಲೆ ಮಗಳು ಅದರ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ನಂದು. ನನ್ನ ಕೂಸು. ನಂದು."

ಹೆಂಡತಿ 'ಶಿವಾ!' ಎಂದು ಓಡಿ ಹೋಗಿ ಅವಳ ಬಾಯಿಗೆ ಅಂಗೈ ಒತ್ತಿದಳು. ಮಗಳು ಆ ಕೈಯನ್ನು ಮೆಲ್ಲಗೆ ತೆಗೆದಳು. "ಯಾಕ್ರಿ? ಇಲ್ಲಿ ಕೇಳಿಸ್ಕೊಳ್ಳಾವ್ರು ಯಾರದಾರ?" ಎಂದಳು. ಮತ್ತೆ ಕೂಸಿಗೆ, "ನಂದು" ಎಂದಳು. ಹೆಂಡತಿ ಕಿಟಕಿಯತ್ತ ನೋಡಿದಳು, ಬಾಗಿಲತ್ತ ನೋಡಿದಳು, ನಡುಗುತ್ತಿದ್ದಳು. ಆ ನಡುಕವನ್ನು ಮಗಳು ಕಂಡು ಕೊನೆಗೂ ಅರ್ಥಮಾಡಿಕೊಂಡಳು ಎಂದು ಬರೆಯಲು ನನಗೆ ಬಹಳ ಆಸೆ. ಅವಳು ಕೂಸನ್ನು ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತು ಕೋಣೆ ಕುದಿಯತೊಡಗಿತು. ನಾನು ಎಳನೀರು ತೆಗೆದುಕೊಂಡು ಬಂದು ಬಾಗಿಲು ನೂಕಿದೆ. ಮಗಳೂ ಮೊಮ್ಮಗನೂ ನಿದ್ದೆ ಹೋಗಿದ್ದರು. ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ, ಅವರಿಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವಳ ಬಲಗೈ ಬೆನ್ನ ಹಿಂದಿತ್ತು. ಕೈಯಲ್ಲಿ ಮಡಿಸಿದ ದಿನಪತ್ರಿಕೆ. ಅದು ಮಗಳ ಮುಖದ ನೇರಕ್ಕೆ, ತಪ್ಪದೆ, ಬೀಸುತ್ತಿತ್ತು.

ಮಗಳನ್ನು ಎಬ್ಬಿಸಬೇಕೆಂದು ಎರಡು ಹೆಜ್ಜೆ ಮುಂದೆ ಹೋದೆ. ಹಡೆದ ಮೈ, ಮಲಗಲಿ ಅನ್ನಿಸಿತು. ಅಷ್ಟರಲ್ಲಿ ಕರೆಂಟು ಬಂತು. ಹೆಂಡತಿ ಕೈಯನ್ನು ಮುಂದಕ್ಕೆ ತಂದು, ಪತ್ರಿಕೆ ಬಿಡಿಸಿ, ಓದು ಬಾರದವಳು ಅದನ್ನು ತೊಡೆಯ ಮೇಲೆ ಹರವಿಕೊಂಡಳು.

ಹೆಂಡತಿ ತೀರಿಕೊಂಡ ಮೇಲೆ ಒಮ್ಮೆ ಇದನ್ನು ಮಗಳಿಗೆ ಹೇಳಿದೆ. ಎರಡೂ ಬೀಸಣಿಗೆಗಳನ್ನು, ಕುರುಗೋಡಿನ ಚೀಲವನ್ನು, ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಮಳೆ ಸುಳ್ಳು, ಆದರೆ ಇದು ಸುಳ್ಳಲ್ಲ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಕಥಿ ಬರಿಯಾಂವ ಅಪ್ಪಾ. ಅಲ್ಲೊಂದು ಕೈ ಬೇಕಾತು ನಿನಗ, ಹಚ್ಚಿದಿ."